ಕ್ಯಾಮೆರಾ ಕೆಳಗಿಡಪ್ಪಾ, ಕಟ್ಟಡ ಬೀಳ್ತಿದೆ!

ಸೂಪರ್‌ಹೀರೋ ಆಗುವುದಕ್ಕೆ ಬೇಕಾದ ಅರ್ಹತೆಗಳು ಎಲ್ಲರಿಗೂ ಗೊತ್ತು. ಜೇಡ ಕಚ್ಚಬೇಕು. ಕಚ್ಚದಿದ್ದರೆ ಅಪ್ಪ ಅಮ್ಮ ಆಗರ್ಭ ಶ್ರೀಮಂತರಾಗಿದ್ದು ಮಗನ ಕಣ್ಣೆದುರೇ ಗುಂಡೇಟಿಗೆ ಬಲಿಯಾಗಬೇಕು. ಎರಡೂ ಕೂಡಿಬರದ ನತದೃಷ್ಟರು ಬೇರೆ ಗ್ರಹದಲ್ಲಿ ಹುಟ್ಟಿ, ತೊಟ್ಟಿಲ ಸಮೇತ ಹಾರಿಬಂದು ಅಮೆರಿಕದ ಹೊಲವೊಂದರಲ್ಲಿ ಬೀಳಬೇಕು. ಆದರೆ ಫೌಂಡ್ ಫೂಟೇಜ್ ಎಂಬ ಜಾತಿಯ ಸಿನಿಮಾದಲ್ಲಿ ಹೀರೋ ಆಗಬಯಸುವವನಿಗೆ ಇವ್ಯಾವುವೂ ಸಾಲವು. ಅವನು ಇನ್ನೊಂದು ಘೋರ ವ್ರತ ಹಿಡಿಯಬೇಕು. ಆಕಾಶ ಬೀಳಲಿ, ಭೂಮಿ ಬಾಯ್ಬಿಡಲಿ, ಗೆಳೆಯ ಸಾಯುತ್ತಿರಲಿ, ಕೈಯಲ್ಲಿರುವ ಕ್ಯಾಮೆರಾವನ್ನು ಮಾತ್ರ ಕೆಳಗಿಡಕೂಡದು. ಬ್ಯಾಟರಿ ಖಾಲಿಯಾಗಕೂಡದು. ಟೇಪು ಮುಗಿಯಕೂಡದು. ಲೆನ್ಸಿನ ಮುಚ್ಚಳ ತೆಗೆಯುವುದನ್ನು ಮರೆಯಕೂಡದು. ಇಷ್ಟು ಶಿಸ್ತು ಇರುವವನಿಗೆ ಅತಿಮಾನುಷ ಶಕ್ತಿಯ ಅಗತ್ಯವಾದರೂ ಏನು ಎಂದು ಕೇಳಬೇಡಿ. ನಿರ್ಮಾಪಕರು ಕೇಳಿಕೊಂಡಿಲ್ಲ.

ಈ ಜಾತಿಯ ಕಟ್ಟುಪಾಡು ಸರಳ. ನೀವು ನೋಡುತ್ತಿರುವುದು ಸಿನಿಮಾ ಅಲ್ಲ; ಯಾರೋ ಚಿತ್ರಿಸಿಟ್ಟು ಹೋದ, ಆಮೇಲೆ ಯಾರಿಗೋ ಸಿಕ್ಕಿದ ವಿಡಿಯೋ. ಆದ್ದರಿಂದ ಕೈ ನಡುಗುತ್ತದೆ, ಮುಖ ಅರ್ಧ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಇವೆಲ್ಲ ಬೇರೆ ಸಿನಿಮಾಗಳಲ್ಲಿ ತಪ್ಪುಗಳು, ಇಲ್ಲಿ ಪ್ರಮಾಣಪತ್ರಗಳು. 1980ರಲ್ಲಿ ಇಟಲಿಯ ರುಗ್ಗೆರೊ ದೆಯೊದಾತೊ ‘ಕ್ಯಾನಿಬಲ್ ಹೋಲೋಕಾಸ್ಟ್’ ಮಾಡಿದಾಗ, ನಟರನ್ನು ನಿಜವಾಗಿಯೂ ಕೊಂದಿಲ್ಲ ಎಂದು ಸಾಬೀತು ಮಾಡಬೇಕಾದ ಸ್ಥಿತಿ ಅವನಿಗೆ ಬಂತು. ‘ಸತ್ತವರು’ ಕ್ಷೇಮವಾಗಿದ್ದಾರೆಂದು ತೋರಿಸಿದ ಮೇಲೆಯೇ ಆ ಆರೋಪದಿಂದ ಬಿಡುಗಡೆ. 1999ರಲ್ಲಿ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಮೂರು ಮಂದಿಯ ಕೈಗೆ ಕ್ಯಾಮೆರಾ ಕೊಟ್ಟು ಕಾಡಿಗೆ ಅಟ್ಟಿತು. ಅವರು ‘ಕಾಣೆಯಾಗಿದ್ದಾರೆ’ ಎಂಬ ಪೋಸ್ಟರ್ ಅಂಟಿಸಿತು, ಸುಮಾರು 25 ಕೋಟಿ ಡಾಲರ್ ಬಾಚಿತು. ಓರೆನ್ ಪೆಲಿ ಎಂಬಾತ ತನ್ನ ಮನೆಯಲ್ಲೇ, ಸುಮಾರು 15,000 ಡಾಲರ್‌ನಲ್ಲಿ, ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಮುಗಿಸಿದ. ರಾತ್ರಿ ಮಲಗುವ ಕೋಣೆಯಲ್ಲಿ ಒಂದು ಸ್ಟ್ಯಾಂಡು, ಅದರ ಮೇಲೊಂದು ಕ್ಯಾಮೆರಾ, ತನ್ನಷ್ಟಕ್ಕೆ ಅಲುಗುವ ಒಂದು ಬಾಗಿಲು. ಆ ಬಾಗಿಲಿನ ಸಂಭಾವನೆ ಲೆಕ್ಕ ಹಾಕಿದರೆ ಜಗತ್ತಿನ ಯಾವ ನಟನೂ ಅಷ್ಟು ಅಗ್ಗದಲ್ಲಿ ಅಷ್ಟು ಗಳಿಸಿಕೊಟ್ಟಿಲ್ಲ.

ಕನ್ನಡದಲ್ಲೂ 2013ರಲ್ಲಿ ಚಾರಣಕ್ಕೆ ಹೋದವರ ಭಯದ ಕತೆಯೊಂದು ಇದೇ ದಾರಿಯಲ್ಲಿ ಬಂತು, ಕೆ.ಎಸ್. ಅಶೋಕ ನಿರ್ದೇಶನದ ‘6-5=2’. ಶೀರ್ಷಿಕೆ ಓದಿ ಗಣಿತದ ಮೇಷ್ಟ್ರುಗಳು ಹಣೆ ಚಚ್ಚಿಕೊಂಡಿರಬಹುದು. ನನಗೆ ಮಾತ್ರ ಈ ಇಡೀ ಪ್ರಕಾರಕ್ಕೆ ಅದಕ್ಕಿಂತ ಪ್ರಾಮಾಣಿಕ ಸಮೀಕರಣ ಇನ್ನೊಂದಿಲ್ಲ ಅನಿಸಿದೆ. ಫೌಂಡ್ ಫೂಟೇಜಿನಲ್ಲಿ ತಲೆ ಎಣಿಸಿದಾಗಲೆಲ್ಲ ಒಂದು ತಲೆ ಹೆಚ್ಚೋ ಕಡಿಮೆಯೋ ಆಗುತ್ತದೆ. ಕ್ಯಾಮೆರಾ ಹಿಡಿದವನನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ಕೊನೆಯವರೆಗೂ ತೀರ್ಮಾನವಾಗುವುದಿಲ್ಲ.

ದೆವ್ವಕ್ಕೆ ಈ ವೇಷ ಹೊಂದುತ್ತದೆ. ದೆವ್ವ ಕಾಣದಿದ್ದರೇ ಲಾಭ. ಕತ್ತಲೆ, ಮುರಿದ ರೆಂಬೆ, ಓಡುವ ಕಾಲಿನ ಸದ್ದು, ನೆಲಕ್ಕೆ ಬಿದ್ದ ಕ್ಯಾಮೆರಾ. ಉಳಿದದ್ದನ್ನು ಪ್ರೇಕ್ಷಕ ತನ್ನ ಖರ್ಚಿನಲ್ಲೇ ಕಲ್ಪಿಸಿಕೊಳ್ಳುತ್ತಾನೆ. ಸೂಪರ್‌ಹೀರೋನ ಕಸುಬು ನೇರ ಉಲ್ಟಾ. ಅವನು ಕಾಣಬೇಕು. ಪೂರ್ತಿ ಕಾಣಬೇಕು, ಹಗಲು ಹೊತ್ತಿನಲ್ಲಿ ಕಾಣಬೇಕು, ಬೆನ್ನ ಹಿಂದೆ ಬಟ್ಟೆ ಹಾರಾಡುತ್ತಾ ಕೆಳಗಿನಿಂದ ಮೇಲಕ್ಕೆ ಕಾಣಬೇಕು. ಎದೆಯ ಮೇಲೆ ಅಕ್ಷರ ಬರೆಸಿಕೊಂಡವನು ಫ್ರೇಮಿನಿಂದ ಹೊರಗಿರಲು ಒಪ್ಪುತ್ತಾನೆಯೇ? ದೆವ್ವದ ಸಿನಿಮಾದಲ್ಲಿ ಕ್ಯಾಮೆರಾ ಓಡಿಹೋಗುತ್ತದೆ, ಸೂಪರ್‌ಹೀರೋ ಸಿನಿಮಾದಲ್ಲಿ ಬೆನ್ನಟ್ಟಬೇಕಾಗುತ್ತದೆ. ಓಡಿಹೋಗುವವನ ಕೈ ನಡುಗುವುದನ್ನು ನಂಬಬಹುದು. ಬೆನ್ನಟ್ಟುವವನು ಯಾಕೆ ಬೆನ್ನಟ್ಟುತ್ತಿದ್ದಾನೆ, ಅವನಿಗೆ ಸಂಬಳ ಯಾರು ಕೊಡುತ್ತಾರೆ, ಆ ಚಿತ್ರಕತೆಯ ಅರ್ಧಭಾಗ ಈ ಪ್ರಶ್ನೆಗಳಿಗೆ ಸಮಜಾಯಿಷಿ ಬರೆಯುವುದರಲ್ಲೇ ಸವೆಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಈ ಎರಡು ಜಾತಿಗೆ ಮದುವೆ ಮಾಡಿಸಿದವರು ಜಾಶ್ ಟ್ರ್ಯಾಂಕ್ ಎಂಬ ಮೂವತ್ತು ತುಂಬದ ನಿರ್ದೇಶಕ ಮತ್ತು ಚಿತ್ರಕತೆ ಬರೆದ ಮ್ಯಾಕ್ಸ್ ಲ್ಯಾಂಡಿಸ್. ಸಿನಿಮಾ ‘ಕ್ರಾನಿಕಲ್’, ವರ್ಷ 2012. ಈ ಬೆರಕೆ ಪ್ರಕಾರದಲ್ಲಿ ಎದ್ದು ಕಾಣುವುದು ಇದೊಂದೇ ಎನ್ನಬಹುದು, ಹಾಗಾಗಿ ಗುಣಕ್ಕೂ ಇದನ್ನೇ ಹೊಗಳಬೇಕು, ದೋಷಕ್ಕೂ ಇದನ್ನೇ ತಿವಿಯಬೇಕು. ಸಿಯಾಟಲ್‌ನ ಮೂವರು ಹೈಸ್ಕೂಲ್ ಹುಡುಗರು: ಯಾರಿಗೂ ಬೇಡದ ಆ್ಯಂಡ್ರೂ, ಅವನ ಸೋದರ ಸಂಬಂಧಿ ಮ್ಯಾಟ್, ಶಾಲೆಯ ಕಣ್ಮಣಿ ಸ್ಟೀವ್. ಪಾರ್ಟಿಗೆ ಹೋದ ಜಾಗದಲ್ಲಿ ಒಂದು ಗುಂಡಿ, ಗುಂಡಿಯೊಳಗೆ ಹೊಳೆಯುವ ಏನೋ ಒಂದು. ಮುಟ್ಟಿ ಬಂದವರಿಗೆ ಮನಸ್ಸಿನಿಂದಲೇ ವಸ್ತುಗಳನ್ನು ಅಲುಗಿಸುವ ಶಕ್ತಿ. ಆ ಹೊಳೆಯುವ ವಸ್ತು ಏನು, ಎಲ್ಲಿಂದ ಬಂತು? ಸಿನಿಮಾ ಹೇಳುವುದಿಲ್ಲ. ಹುಡುಗರಿಗೇ ಗೊತ್ತಿಲ್ಲ, ಕ್ಯಾಮೆರಾಕ್ಕೆ ಹೇಗೆ ಗೊತ್ತಾಗಬೇಕು? ಈ ರೂಪದ ಮೊದಲ ಪುಣ್ಯ ಇದು. ಬೇರೆ ಸೂಪರ್‌ಹೀರೋ ಸಿನಿಮಾದಲ್ಲಾಗಿದ್ದರೆ ಈ ಹೊತ್ತಿಗೆ ಬಿಳಿ ಗಡ್ಡದ ವಿಜ್ಞಾನಿಯೊಬ್ಬ ಬಂದು ಹತ್ತು ಸಾವಿರ ವರ್ಷದ ಹಿಂದಿನ ಕತೆ ಶುರು ಮಾಡಿರುತ್ತಿದ್ದ.

ಶಕ್ತಿ ಸಿಕ್ಕ ಮೇಲೆ ಈ ಮೂವರು ಮಾಡುವುದೇನು? ಲೋಕಕಲ್ಯಾಣ ಅಂದುಕೊಂಡರೆ ನಿಮಗೆ ಆ ವಯಸ್ಸಿನ ಹುಡುಗರ ಪರಿಚಯ ಇಲ್ಲ. ಒಬ್ಬರ ಮುಖಕ್ಕೆ ಒಬ್ಬರು ಚೆಂಡು ಎಸೆದುಕೊಳ್ಳುತ್ತಾರೆ. ಎಲೆ ಗುಡಿಸುವ ಗಾಳಿಯಂತ್ರ ಹಿಡಿದು ಹುಡುಗಿಯರ ಲಂಗ ಹಾರಿಸಿ ನಗುತ್ತಾರೆ. ಅಂಗಡಿಗೆ ಹೋಗಿ ಗೊಂಬೆಯೊಂದನ್ನು ಗಾಳಿಯಲ್ಲಿ ತೇಲಿಸಿ ಒಂದು ಮಗುವನ್ನು ಹೆದರಿಸುತ್ತಾರೆ. ಆಮೇಲೆ ಹೊರಗೆ ಬಂದು ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ್ದ ಯಾರದೋ ಕಾರನ್ನು ಮೆಲ್ಲಗೆ ಸರಿಸಿ ಬೇರೆ ಕಡೆ ಇಡುತ್ತಾರೆ. ಅಷ್ಟೆ, ಕಾರನ್ನು ಎತ್ತಿ ಎಸೆಯುವುದಿಲ್ಲ. ಸಾಮಾನು ಹಿಡಿದು ಬಂದ ಹೆಂಗಸು ತಾನು ನಿಲ್ಲಿಸಿದ ಕಡೆ ಕಾರಿಲ್ಲದ್ದು ನೋಡಿ ಕಂಗಾಲಾಗುತ್ತಾಳೆ, ಹುಡುಗರು ದೂರದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಇದನ್ನು ದೊಡ್ಡ ಕ್ಯಾಮೆರಾ ಇಟ್ಟು, ದೀಪ ಹಾಕಿ, ನೂರು ಪಿಟೀಲಿನ ಹಿನ್ನೆಲೆ ಸಂಗೀತದಲ್ಲಿ ತೆಗೆದಿದ್ದರೆ ನಾಲ್ಕು ಕಾಸಿನ ಬೆಲೆ ಇರುತ್ತಿರಲಿಲ್ಲ. ದೂರದಿಂದ, ನಗುವಿಗೆ ಅಲುಗಾಡುವ ಕೈಯಲ್ಲಿ ತೆಗೆದದ್ದರಿಂದ ಆ ಕಾರು ನಿಜವಾಗಿಯೂ ಸರಿಯಿತು ಅನಿಸುತ್ತದೆ. ನಗರಗಳನ್ನು ಬುಡಮೇಲು ಮಾಡುವ ಸಿನಿಮಾಗಳಲ್ಲಿ ನಾನು ಆಕಳಿಸಿದ್ದೇನೆ. ಈ ಒಂದು ಕಾರು ಕೆಲವೇ ಅಡಿ ಸರಿದಾಗ ನೆಟ್ಟಗೆ ಕೂತೆ.

1978ರ ‘ಸೂಪರ್‌ಮ್ಯಾನ್’ ಜಾಹೀರಾತು ಮನುಷ್ಯ ಹಾರುವುದನ್ನು ನೀವು ನಂಬುತ್ತೀರಿ ಎಂದು ಭರವಸೆ ಕೊಟ್ಟಿತ್ತು. ‘ಕ್ರಾನಿಕಲ್’ ನಂಬಿಸುವುದು ಹಾರಲು ಹೋದ ಹುಡುಗ ಮುಗ್ಗರಿಸುವುದನ್ನು, ಹೆಚ್ಚು ಒತ್ತಡ ಹಾಕಿದರೆ ಮೂಗಿನಿಂದ ರಕ್ತ ಸುರಿಯುವುದನ್ನು, ಮೋಡದ ನಡುವೆ ಚೆಂಡಾಟ ಆಡುತ್ತಿದ್ದಾಗ ದಿಢೀರನೆ ವಿಮಾನವೊಂದು ನುಗ್ಗಿ ಬಂದು ಜೀವ ಬಾಯಿಗೆ ಬರುವುದನ್ನು. ಶಕ್ತಿಗೆ ತೂಕ ಇದೆ, ಸುಸ್ತು ಇದೆ. ಇದು ಈ ರೂಪದ ಎರಡನೆಯ ಪುಣ್ಯ. ಮೂರನೆಯದು ಹಣದ್ದು: ಖರ್ಚು ಸುಮಾರು 1.2 ಕೋಟಿ ಡಾಲರ್, ಗಳಿಕೆ 12 ಕೋಟಿಗೂ ಮೇಲೆ. ಅದೇ ವರ್ಷ ಬಂದ ‘ದಿ ಅವೆಂಜರ್ಸ್’ಗೆ ಸುಮಾರು 22 ಕೋಟಿ ಡಾಲರ್ ಸುರಿದಿದ್ದರು.

ಬಡತನದಿಂದ ಹುಟ್ಟಿದ ಶೈಲಿ ಎಂದು ಕಣ್ಣೀರು ಹಾಕುವ ಮುನ್ನ ಅಡುಗೆಮನೆಗೂ ಒಮ್ಮೆ ಇಣುಕೋಣ. ಆ್ಯಂಡ್ರೂನ ಅಗ್ಗದ ಕ್ಯಾಮೆರಾದಲ್ಲಿ ತೆಗೆದಂತೆ ಕಾಣುವ ಈ ಚಿತ್ರವನ್ನು ಛಾಯಾಗ್ರಾಹಕ ಮ್ಯಾಥ್ಯೂ ಜೆನ್ಸನ್ ಚಿತ್ರೀಕರಿಸಿದ್ದು ಆ್ಯರಿ ಅಲೆಕ್ಸಾದಲ್ಲಿ. ಹಾಲಿವುಡ್‌ನ ಘಟಾನುಘಟಿಗಳು ಬಳಸುವ ಯಂತ್ರ ಅದು. ಕ್ಯಾಮೆರಾ ನೆಲದ ಮೇಲೆ ಜಾರಿಹೋದಂತೆ ಕಾಣಲು ಅದನ್ನು ಸ್ಕೇಟ್‌ಬೋರ್ಡಿಗೆ ಕಟ್ಟಿ ತಳ್ಳಿದರು. ಕತೆ ನಡೆಯುವುದು ಸಿಯಾಟಲ್‌ನಲ್ಲಿ, ಶೂಟಿಂಗ್ ಬಹುಪಾಲು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಅಲ್ಲಿ ವಾಹನಗಳು ನಮ್ಮ ಹಾಗೇ ಎಡಕ್ಕೆ ಓಡುತ್ತವೆ. ಹಾಗಾಗಿ ಎಡಗಡೆ ಸ್ಟಿಯರಿಂಗ್ ಇರುವ ಅಮೆರಿಕದ ಕಾರುಗಳನ್ನು ಹಡಗಿನಲ್ಲಿ ತರಿಸಬೇಕಾಯಿತು. ಒಬ್ಬ ಅಬ್ಬೇಪಾರಿ ಹುಡುಗ ಏನೋ ಕೈಗೆ ಸಿಕ್ಕಿದ್ದನ್ನು ಚಿತ್ರಿಸಿದ್ದಾನೆ ಅನಿಸಬೇಕಾದರೆ ಹಡಗು ಬೇಕು, ಕ್ರೇನು ಬೇಕು, ತಂತಿಗೆ ಜೋತುಬೀಳುವ ಸ್ಟಂಟ್‌ನವರು ಬೇಕು. ಖಾದಿ ಸರಳತೆಗೆ ತಗಲುವ ಖರ್ಚು ಅದನ್ನು ಉಟ್ಟವರಿಗಿಂತ ಉಡಿಸಿದವರಿಗೇ ಹೆಚ್ಚು ಗೊತ್ತು.

ನಡುಗುವ ಕ್ಯಾಮೆರಾದಿಂದ ಗ್ರಾಫಿಕ್ಸ್‌ನ ಹುಳುಕು ಮುಚ್ಚುತ್ತದೆ, ಆದ್ದರಿಂದ ಅಗ್ಗ ಎಂಬುದು ಅರ್ಧ ಸತ್ಯ. ಕಣ್ಣಿಗೆ ಮರೆಯಾಗುವುದು ನಿಜ. ಆದರೆ ತೇಲುವ ವಸ್ತುವನ್ನು ಗ್ರಾಫಿಕ್ಸ್‌ನಲ್ಲಿ ಸೇರಿಸಬೇಕಾದರೆ, ಅಸಲಿ ಕ್ಯಾಮೆರಾ ಪ್ರತಿ ಫ್ರೇಮಿನಲ್ಲೂ ಎತ್ತ ವಾಲಿತ್ತು, ಎಷ್ಟು ಕುಲುಕಿತ್ತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅದೇ ಕುಲುಕಾಟವನ್ನು ಸುಳ್ಳು ವಸ್ತುವಿಗೂ ಕೊಡಬೇಕು. ಮ್ಯಾಚ್‌ಮೂವ್ ಎಂಬ ಈ ಕೆಲಸ ಮಾಡುವವರಿಗೆ ಸ್ಥಿರ ಶಾಟು ಹಬ್ಬ, ಓಡುವವನ ಕೈಯ ಶಾಟು ಶ್ರಾದ್ಧ. ತೆರೆಯ ಮೇಲೆ ಹುಡುಗ ನಿರ್ಲಕ್ಷ್ಯದಿಂದ ಕ್ಯಾಮೆರಾ ಬೀಸಾಡಿದ ಕ್ಷಣಕ್ಕೆ, ಸ್ಟುಡಿಯೋದಲ್ಲಿ ಯಾರದೋ ವಾರಾಂತ್ಯದ ರಜೆ ಹೋಗಿರುತ್ತದೆ.

ಸರಿ, ಈಗ ದೋಷಕ್ಕೆ ಬರೋಣ. ಕ್ಯಾಮೆರಾ ಯಾರ ಕೈಲಿದೆ?

ಮೊದಮೊದಲು ಉತ್ತರ ಚೊಕ್ಕ. ಆ್ಯಂಡ್ರೂ ಕೈಲಿದೆ. ಸಿನಿಮಾ ಶುರುವಾಗುವುದೇ ಅವನ ಕೋಣೆಯ ಕನ್ನಡಿಯಲ್ಲಿ: ಬಾಗಿಲಿಗೆ ಚಿಲಕ, ಹೊರಗೆ ಕುಡಿದ ಅಪ್ಪ ಬಾಗಿಲು ಬಡಿಯುತ್ತಿದ್ದಾನೆ, ಒಳಗೆ ಹುಡುಗ ಇನ್ನು ಮುಂದೆ ಎಲ್ಲವನ್ನೂ ಚಿತ್ರಿಸಿಕೊಳ್ಳುತ್ತೇನೆ ಎನ್ನುತ್ತಾನೆ. ಹಾಸಿಗೆ ಹಿಡಿದ ಅಮ್ಮ, ಹೊಡೆಯುವ ಅಪ್ಪ, ಕೆಣಕುವ ಸಹಪಾಠಿಗಳು. ಅವನಿಗೆ ಕ್ಯಾಮೆರಾ ಸಾಕ್ಷಿಯೂ ಹೌದು, ಗುರಾಣಿಯೂ ಹೌದು. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಈ ಪ್ರಕಾರದ ಸಿನಿಮಾಗಳಲ್ಲಿ ನಾನು ಕಂಡಿಲ್ಲ. ಮುಂದೆ ಇನ್ನೂ ಜಾಣ ಹೆಜ್ಜೆ: ಮನಸ್ಸಿನಿಂದಲೇ ವಸ್ತು ಎತ್ತಬಲ್ಲ ಹುಡುಗ ಕ್ಯಾಮೆರಾವನ್ನೂ ಎತ್ತಬಲ್ಲನಲ್ಲ! ಅದು ಅವನ ಸುತ್ತ ತೇಲತೊಡಗುತ್ತದೆ. ಚಿತ್ರಿಸುವವನೂ ಚೌಕಟ್ಟಿನೊಳಕ್ಕೆ ಬಂದ. ಥಿಯೇಟರಿನಲ್ಲಿ ಚಪ್ಪಾಳೆ ತಟ್ಟಬೇಕಾದ ಉಪಾಯ.

ಚಪ್ಪಾಳೆ ಮುಗಿಯುವಷ್ಟರಲ್ಲಿ ಎಡವಟ್ಟು ಗೊತ್ತಾಗುತ್ತದೆ. ತೇಲುವ ಕ್ಯಾಮೆರಾ ನಡುಗುವುದಿಲ್ಲ. ನಯವಾಗಿ ಸುತ್ತುತ್ತದೆ, ಮೆಲ್ಲಗೆ ಮೇಲೇರುತ್ತದೆ, ಸರಿಯಾದ ಹೊತ್ತಿಗೆ ಮುಖದ ಹತ್ತಿರ ಬರುತ್ತದೆ. ಅಂದರೆ ಸಾವಿರ ಹಾಲಿವುಡ್ ಸಿನಿಮಾಗಳಲ್ಲಿ ಸಂಬಳಕ್ಕಿರುವ ಕ್ಯಾಮೆರಾ ಮಾಡುವುದನ್ನೇ ಮಾಡುತ್ತದೆ. ಇಷ್ಟು ಹೊತ್ತು ಕಷ್ಟಪಟ್ಟು ಕಟ್ಟಿದ ವೇಷವನ್ನು ತಾನೇ ಕಳಚಿ, ‘ನಾನೂ ಮಾಮೂಲಿ ಸಿನಿಮಾನೇ ಸ್ವಾಮಿ, ಕ್ರೇನು ಕೊಡಿಸಿ’ ಎಂದು ಒಪ್ಪಿಕೊಂಡಂತೆ. ಮಲಗಿದ ಅಮ್ಮನ ಪಕ್ಕ ಕೂತ ಹುಡುಗನ ದುಃಖಕ್ಕಿಂತ ಅವನ ಕ್ಯಾಮೆರಾ ಕೋನದ ಮೇಲೆ ನಿಗಾ ಹೋಗುತ್ತದೆ. ಮದುವೆಮನೆಯಲ್ಲಿ ಮಾಂಗಲ್ಯಧಾರಣೆ ಹೊತ್ತಿಗೆ ವಿಡಿಯೋದವನು ಪುರೋಹಿತರನ್ನು ಪಕ್ಕಕ್ಕೆ ಸರಿಸಿ, ‘ಇನ್ನೊಂದ್ಸಲ ಕಟ್ಟಿ ಸಾರ್’ ಎನ್ನುತ್ತಾನಲ್ಲ, ಆ ಘಟ್ಟ.

ಅಂದಹಾಗೆ, ಕ್ಯಾಮೆರಾ ತನ್ನ ಸುತ್ತ ತಾನೇ ತೇಲುವಂತೆ ಮಾಡುವುದಕ್ಕೆ ಗುಂಡಿಗಿಳಿದು ಹೊಳೆಯುವ ಕಲ್ಲು ಮುಟ್ಟಬೇಕು ಎಂಬುದು ಅಮೆರಿಕದ ಮುಗ್ಧತೆ. ನಮ್ಮಲ್ಲಿ ಒಂದು ಚುನಾವಣೆ ಗೆದ್ದರೆ ಸಾಕು.

ಆ್ಯಂಡ್ರೂ ಇಲ್ಲದ ಕಡೆ ಏನು ಮಾಡುವುದು? ಮ್ಯಾಟ್‌ಗೂ ಒಂದು ಪ್ರೇಮಕತೆ ಬೇಕಲ್ಲ. ಅದಕ್ಕೆ ಕೇಸಿ ಎಂಬ ಹುಡುಗಿಯನ್ನು ತಂದಿದ್ದಾರೆ. ಅವಳ ವಿಶೇಷ ಗುಣ? ಅವಳೂ ಕ್ಯಾಮೆರಾ ಹಿಡಿದೇ ಓಡಾಡುತ್ತಾಳೆ, ತನ್ನ ಬ್ಲಾಗಿಗಂತೆ. ಅವಳಿಗೆ ಇಷ್ಟಾನಿಷ್ಟಗಳು, ಅಪ್ಪ ಅಮ್ಮ, ಆಸೆ ಏನಾದರೂ ಇವೆಯೇ ಎಂದು ಕೇಳುವ ಪುರಸೊತ್ತು ಚಿತ್ರಕತೆಗಿಲ್ಲ. ಅವಳು ಪಾತ್ರವಲ್ಲ, ಟ್ರೈಪಾಡ್. ಮ್ಯಾಟ್ ಅವಳ ಮನೆ ಬಾಗಿಲು ತಟ್ಟಿದರೆ, ಬಾಗಿಲು ತೆಗೆಯುವ ಕೈಗಿಂತ ಮೊದಲು ಕ್ಯಾಮೆರಾ ಆನ್ ಆಗಿರುತ್ತದೆ. ಲೋಕದಲ್ಲಿ ಪ್ರೇಮ ಎಷ್ಟೋ ಕಾರಣಕ್ಕೆ ಹುಟ್ಟಿದೆ. ಎರಡನೆಯ ಕೋನ ಸಿಗಲಿ ಎಂಬ ಕಾರಣಕ್ಕೆ ಹುಟ್ಟಿದ್ದು ಇಲ್ಲಿ ಮಾತ್ರ.

ಆಮೇಲೆ ಅಂಗಡಿ ದರೋಡೆಗೆ ಸಿಸಿಟಿವಿ, ಆಸ್ಪತ್ರೆಯಲ್ಲಿ ಪೊಲೀಸರು ಇಟ್ಟ ಕ್ಯಾಮೆರಾ, ಕೊನೆಯ ಕಾಳಗಕ್ಕೆ ಸುದ್ದಿ ಹೆಲಿಕಾಪ್ಟರು, ಪೊಲೀಸ್ ಕಾರಿನ ಕ್ಯಾಮೆರಾ, ದಾರಿಹೋಕರ ಫೋನು. ಸಿಯಾಟಲ್‌ನ ಗೋಪುರ ಸ್ಪೇಸ್ ನೀಡಲ್‌ನಲ್ಲಿ ಆ್ಯಂಡ್ರೂ ಪ್ರವಾಸಿಗರ ಫೋನು, ಕ್ಯಾಮೆರಾಗಳನ್ನೆಲ್ಲ ಕಿತ್ತು ತನ್ನ ಸುತ್ತ ತೇಲಿಸಿಕೊಳ್ಳುತ್ತಾನೆ. ಎಲ್ಲವೂ ತನ್ನತ್ತಲೇ ಮುಖ ಮಾಡಿ! ಅಧಿಕಾರದ ಅಮಲೇರಿದವನ ಒಂದೇ ಒಂದು ಭಾವಚಿತ್ರ ತೆಗೆ ಎಂದರೆ ನಾನು ಈ ಶಾಟನ್ನೇ ತೋರಿಸುತ್ತೇನೆ. ಆದರೆ ಇಷ್ಟೊಂದು ಮೂಲಗಳಿಂದ ವಿಡಿಯೋ ತರಿಸಿ, ಮಾತಿಗೆ ಮಾತು ಜೋಡಿಸಿ, ಏಟಿಗೆ ಏಟು ಕೂಡಿಸಿ ಎಡಿಟ್ ಮಾಡಿದವರು ಯಾರು? ಪೊಲೀಸರೇ? ಸತ್ತವನ ವಿಡಿಯೋ ಸಿಕ್ಕಿತು, ಸರಿ. ಅದರ ಜೊತೆಗೆ ಒಬ್ಬ ಒಳ್ಳೆಯ ಎಡಿಟರೂ ಸಿಕ್ಕಿದನೇ? ಈ ಪ್ರಶ್ನೆ ಕೇಳಿದರೆ ಅಭಿಮಾನಿಗಳಿಗೆ ಸಿಟ್ಟು ಬರುತ್ತದೆ. ಮನುಷ್ಯ ಹಾರುವುದನ್ನು ಒಪ್ಪುವವನು ಇದನ್ನು ಒಪ್ಪಬಾರದೇ ಎನ್ನುತ್ತಾರೆ. ಹಾರುವುದನ್ನು ನಾನು ಒಪ್ಪಿದ್ದು ಆ ಕಾರು ಸರಿದದ್ದನ್ನು ನಂಬಿದ್ದಕ್ಕೆ. ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರು ಲೆಕ್ಕ ಕೇಳಿದಾಗ ಮುಖ ತಿರುಗಿಸಬಾರದು.

ಕಾದಾಡುವುದನ್ನೂ ಕಾಳಗ ನೋಡಿ ಹೇಳುವುದನ್ನೂ ನಮ್ಮ ಹಿರಿಯರು ಎರಡು ಹುದ್ದೆಗಳಾಗಿ ಬೇರ್ಪಡಿಸಿದ್ದರು. ದಿವ್ಯದೃಷ್ಟಿ ಸಂಜಯನಿಗೆ, ಗದೆ ಭೀಮನಿಗೆ. ಒಂದು ಕೈಗೆ ಗದೆ, ಇನ್ನೊಂದು ಕೈಗೆ ಹ್ಯಾಂಡಿಕ್ಯಾಮ್ ಕೊಟ್ಟಿದ್ದರೆ ದುರ್ಯೋಧನನ ತೊಡೆ ಫ್ರೇಮಿಗೂ ಬರುತ್ತಿರಲಿಲ್ಲ, ಏಟಿಗೂ ಸಿಗುತ್ತಿರಲಿಲ್ಲ.

ಇದಕ್ಕಿಂತ ಆಳದ ತೊಡಕು ಒಂದಿದೆ. ಫೌಂಡ್ ಫೂಟೇಜಿನ ಅಲಿಖಿತ ಕರಾರಿನ ಪ್ರಕಾರ ಕ್ಯಾಮೆರಾ ಹಿಡಿದವನು ಸತ್ತಿರಬೇಕು, ಇಲ್ಲವೇ ಪತ್ತೆ ಇರಬಾರದು. ಬದುಕಿದ್ದರೆ ಅವನೇ ಬಂದು ಹೇಳುತ್ತಿದ್ದನಲ್ಲ. ಸೂಪರ್‌ಹೀರೋನ ಲಿಖಿತ ಕರಾರಿನ ಪ್ರಕಾರ ಅವನು ಸಾಯಲೇಬಾರದು, ಇನ್ನೂ ಐದು ಸಿನಿಮಾಗಳಿಗೆ ಸಹಿ ಹಾಕಿರುತ್ತಾನೆ. ಒಂದು ಪ್ರಕಾರ ಚಟ್ಟ ಕಟ್ಟಿಕೊಂಡು ಬರುತ್ತದೆ, ಇನ್ನೊಂದು ಮುಂದಿನ ಭಾಗದ ಪೋಸ್ಟರ್ ಹಿಡಿದು ಬರುತ್ತದೆ. ‘ಕ್ರಾನಿಕಲ್’ ಗೆದ್ದದ್ದು ಯಾಕೆಂದರೆ ಅದು ಹೀರೋನ ಕತೆಯೇ ಅಲ್ಲ. ಕ್ಯಾಮೆರಾ ಹಿಡಿದ ಹುಡುಗನೇ ಖಳನಾಗುತ್ತಾನೆ. ಮಳೆಯಲ್ಲಿ ಹಿಂದೆ ಹಾರನ್ ಹೊಡೆಯುತ್ತಿದ್ದ ವಾಹನವನ್ನು ರಸ್ತೆಯಿಂದ ಆಚೆ ತಳ್ಳುವುದರಿಂದ ಶುರು. ಮುಂದೆ ಕೆಣಕಿದವನ ಹಲ್ಲು ಕೀಳುತ್ತಾನೆ, ಜೇಡವೊಂದನ್ನು ಗಾಳಿಯಲ್ಲೇ ಸಿಗಿಯುತ್ತಾನೆ. ನೊಣ ಕೊಂದವನಿಗೆ ಪಾಪಪ್ರಜ್ಞೆ ಯಾಕೆ ಎಂಬ ತತ್ವಶಾಸ್ತ್ರವನ್ನು ಕ್ಯಾಮೆರಾಕ್ಕೇ ಬೋಧಿಸುತ್ತಾನೆ. ಕೊನೆಗೆ ಅವನನ್ನು ಕೊಲ್ಲದೆ ಬೇರೆ ದಾರಿಯಿಲ್ಲ. ತನ್ನನ್ನು ತಾನೇ ಸದಾ ಚಿತ್ರಿಸಿಕೊಳ್ಳುವವನಿಗೆ ಅಪರಿಮಿತ ಶಕ್ತಿ ಸಿಕ್ಕರೆ ಅವನು ಹೀರೋ ಆಗುವುದು ಸಾಧ್ಯವೇ ಇಲ್ಲ ಎಂಬುದನ್ನು ಈ ಸಿನಿಮಾ 2012ರಲ್ಲೇ ಹೇಳಿಬಿಟ್ಟಿತು. ಆಮೇಲೆ ನಾವೆಲ್ಲ ಒಂದೊಂದು ಸೆಲ್ಫಿ ಕೋಲು ಕೊಂಡೆವು.

ಸ್ಟುಡಿಯೋದವರಿಗೆ ಈ ಸೂಕ್ಷ್ಮ ಅರ್ಥವಾಯಿತೇ? ಪೂರ್ತಿ ಅರ್ಥವಾಯಿತು, ಉಲ್ಟಾ. ಸಣ್ಣ ದುಡ್ಡಿನಲ್ಲಿ ಸಣ್ಣ ಹುಡುಗರ ಸಣ್ಣತನವನ್ನು ಚೆನ್ನಾಗಿ ತೆಗೆದ ನಿರ್ದೇಶಕನಿಗೆ ಬಹುಮಾನವಾಗಿ ಸುಮಾರು 12 ಕೋಟಿ ಡಾಲರಿನ ‘ಫೆಂಟಾಸ್ಟಿಕ್ ಫೋರ್’ ಕೊಟ್ಟರು. ಅಂದರೆ ಅವನಿಗೆ ಯಾವುದು ಬಲವಾಗಿತ್ತೋ ಅಷ್ಟನ್ನೂ ಕಿತ್ತುಕೊಂಡು, ಉಳಿದದ್ದೆಲ್ಲ ಕೊಟ್ಟರು. 2015ರಲ್ಲಿ ಬಂದ ಆ ಸಿನಿಮಾ ವಿಮರ್ಶಕರ ಕೈಗೆ ಸಿಕ್ಕಿ ಚಿಂದಿಯಾಯಿತು, ವರ್ಷದ ಅತಿ ಕೆಟ್ಟ ಚಿತ್ರಗಳಿಗೆ ಕೊಡುವ ರ್‍ಯಾಝಿ ಪ್ರಶಸ್ತಿಗಳನ್ನೂ ಗೆದ್ದಿತು. ‘ಕ್ರಾನಿಕಲ್’ನ ಸ್ಟೀವ್ ಪಾತ್ರದ ಮೈಕಲ್ ಬಿ. ಜೋರ್ಡನ್ ಅದರಲ್ಲೂ ಇದ್ದ, ಈ ಸಲ ಮೈಗೆಲ್ಲ ಬೆಂಕಿ ಹಚ್ಚಿಕೊಂಡು. ಮೊದಲ ಸಿನಿಮಾದಲ್ಲಿ ಆ ಹುಡುಗ ಸುಮ್ಮನೆ ನಕ್ಕರೆ ಬರುತ್ತಿದ್ದ ಬೆಳಕು ಇಲ್ಲಿ ಅಷ್ಟು ಬೆಂಕಿಯಿಂದಲೂ ಬರಲಿಲ್ಲ.

ಅಸಲಿಗೆ ತನ್ನ ಸಾಹಸವನ್ನು ತಾನೇ ಚಿತ್ರಿಸುವ ಚಟ ಸೂಪರ್‌ಹೀರೋಗಳಿಗೆ ಹೊಸದೇನಲ್ಲ. ಪೀಟರ್ ಪಾರ್ಕರ್ 1963ರ ಕಾಮಿಕ್ಸ್‌ನಲ್ಲೇ ಕ್ಯಾಮೆರಾ ಹಿಡಿದು, ತನ್ನ ಕಾಳಗದ ಫೋಟೋಗಳನ್ನು ಜೇಮ್ಸನ್ ಎಂಬ ಪತ್ರಿಕಾ ದೊರೆಗೆ ಮಾರತೊಡಗಿದ್ದ. ಗೋಡೆಗೆ ಬಲೆಯಿಂದ ಕ್ಯಾಮೆರಾ ಅಂಟಿಸಿ, ಅದು ತಾನೇ ಕ್ಲಿಕ್ಕಿಸುವಂತೆ ಮಾಡಿ, ಬಾಡಿಗೆ ದುಡ್ಡು ಹೊಂದಿಸುತ್ತಿದ್ದ. ತನ್ನ ಫೋಟೋ ತಾನೇ ತೆಗೆದು, ತನ್ನನ್ನೇ ಬೈಯುವ ಪತ್ರಿಕೆಗೆ ತಾನೇ ಮಾರಿ, ಆ ದುಡ್ಡಲ್ಲಿ ಮನೆ ನಡೆಸುವುದು! ಸ್ವತಂತ್ರ ಪತ್ರಕರ್ತರ ಸ್ಥಿತಿಯನ್ನು ಇಷ್ಟು ನಿಖರವಾಗಿ ಬರೆದವರು ಕಡಿಮೆ. ನಮ್ಮ ದೂರದರ್ಶನದ ಶಕ್ತಿಮಾನ್ ಕೂಡ, 1997ರಲ್ಲಿ ಬಂದು ಭಾನುವಾರಗಳನ್ನು ಆಳಿದವನು, ಗಂಗಾಧರನ ವೇಷದಲ್ಲಿದ್ದಾಗ ಪತ್ರಿಕೆಯೊಂದರ ಫೋಟೋಗ್ರಾಫರನೇ. ಆ ಉಬ್ಬುಹಲ್ಲಿನ ಗಂಗಾಧರನ ಕ್ಯಾಮೆರಾದಲ್ಲಿ ಏನೇನು ಸಿಕ್ಕಿತ್ತೆಂದು ಯಾರೂ ಸಿನಿಮಾ ಮಾಡಲಿಲ್ಲ, ನೋಡಿ.

ಕ್ಯಾಮೆರಾವನ್ನು ಹೀರೋನಿಂದ ಕಸಿದು ದಾರಿಹೋಕನಿಗೆ ಕೊಟ್ಟರೆ ಏನಾಗುತ್ತದೆ ಎಂದು 1994ರಲ್ಲಿ ಕರ್ಟ್ ಬ್ಯೂಸಿಕ್ ಮತ್ತು ಅಲೆಕ್ಸ್ ರಾಸ್ ‘ಮಾರ್ವೆಲ್ಸ್’ ಎಂಬ ಕಾಮಿಕ್ಸ್‌ನಲ್ಲಿ ತೋರಿಸಿದ್ದರು. ಅಲ್ಲಿ ಕತೆ ಹೇಳುವವನು ಫಿಲ್ ಶೆಲ್ಡನ್ ಎಂಬ ಪತ್ರಿಕಾ ಛಾಯಾಗ್ರಾಹಕ, ಬರೀ ಮನುಷ್ಯ. ಮೇಲೆ ದೇವರಂಥವರು ಬಡಿದಾಡುತ್ತಿದ್ದಾರೆ, ಕೆಳಗೆ ಇವನು ಕತ್ತೆತ್ತಿ ನೋಡುತ್ತಿದ್ದಾನೆ. ಅವರ ಕಾಳಗದಲ್ಲಿ ಸಿಡಿದ ಚೂರು ಬಡಿದು ಒಂದು ಕಣ್ಣು ಕಳೆದುಕೊಳ್ಳುತ್ತಾನೆ. ಲೋಕ ಉಳಿಸಿದವರು ಅವನ ಆಸ್ಪತ್ರೆ ಬಿಲ್ಲು ಕಟ್ಟಿದ ಚಿತ್ರ ಎಲ್ಲೂ ಇಲ್ಲ. ಫೌಂಡ್ ಫೂಟೇಜ್ ಸೂಪರ್‌ಹೀರೋ ಸಿನಿಮಾ ನಿಲ್ಲಬೇಕಾದ ಜಾಗ ಇದು: ಬೀದಿಯಲ್ಲಿ, ಹಾರುವವನ ಕೆಳಗೆ, ಅವನು ಬೀಳಿಸಿದ ಕಟ್ಟಡದ ಧೂಳಿನಲ್ಲಿ. 2008ರ ‘ಕ್ಲೋವರ್‌ಫೀಲ್ಡ್’ ಇದನ್ನು ದೈತ್ಯಪ್ರಾಣಿಯ ವಿಷಯದಲ್ಲಿ ಮಾಡಿತ್ತು. ಲಿಬರ್ಟಿ ಪ್ರತಿಮೆಯ ತಲೆ ಮ್ಯಾನ್‌ಹಟನ್ ಬೀದಿಗೆ ಉರುಳಿ ಬಂದಾಗ ಜನ ಓಡುವುದಿಲ್ಲ, ಫೋನು ತೆಗೆದು ಫೋಟೋ ಹೊಡೆಯುತ್ತಾರೆ. ಆ ಸಿನಿಮಾ ನೋಡಿ ತಲೆಸುತ್ತು ಬಂದೀತು ಎಂದು ಕೆಲವು ಥಿಯೇಟರುಗಳು ಎಚ್ಚರಿಕೆಯ ಫಲಕ ಹಾಕಿದ್ದವು. ಕತೆಗಿಂತ ವಾಂತಿಯನ್ನೇ ನೆನಪಿಟ್ಟುಕೊಂಡವರೂ ಇದ್ದಾರೆ. ಅದೂ ಈ ರೂಪದ ಒಂದು ಗುಣವೋ ದೋಷವೋ, ವೈದ್ಯರು ಹೇಳಬೇಕು.

ಮಾರ್ವೆಲ್ ಕಂಪನಿಯವರು ಜಾಣರು. 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ನ ಆರಂಭದಲ್ಲಿ ಹುಡುಗ ಪೀಟರ್ ತನ್ನ ಫೋನಿನಲ್ಲಿ ತೆಗೆದ ವಿಡಿಯೋ ಇಟ್ಟರು. ಹಿಂದಿನ ವರ್ಷದ ಸಿನಿಮಾದಲ್ಲಿ ಹೀರೋಗಳೆಲ್ಲ ವಿಮಾನ ನಿಲ್ದಾಣದಲ್ಲಿ ಗಂಭೀರವಾಗಿ ಹೊಡೆದಾಡಿದ್ದರಲ್ಲ, ಅದೇ ಕಾಳಗ, ಈಗ ಬಾಯಿ ಬಿಟ್ಟುಕೊಂಡ ಶಾಲಾ ಬಾಲಕನ ಕೈಯಿಂದ. ಆಪತ್ತಿನ ನಡುವೆ ಅವನಿಗೆ ಜಾತ್ರೆಗೆ ಬಂದ ಸಂಭ್ರಮ. ಕೆಲವು ನಿಮಿಷ, ಅಷ್ಟೆ; ಆಮೇಲೆ ಮರ್ಯಾದೆಯಾಗಿ ಮಾಮೂಲಿ ಸಿನಿಮಾಕ್ಕೆ ವಾಪಸ್. ಉಪ್ಪಿನಕಾಯಿಯನ್ನು ಅನ್ನದ ಜಾಗಕ್ಕೆ ಬಡಿಸಲಿಲ್ಲ.

ಈ ರೂಪವನ್ನು ಅತ್ಯಂತ ಕ್ರೂರವಾಗಿ, ಅತ್ಯಂತ ಸರಿಯಾಗಿ ಬಳಸಿದ್ದು ಮಾತ್ರ ಫೌಂಡ್ ಫೂಟೇಜೇ ಅಲ್ಲದ ‘ದಿ ಬಾಯ್ಸ್’ ಸರಣಿ. ಅದರಲ್ಲಿ ಹೋಮ್‌ಲ್ಯಾಂಡರ್ ಎಂಬ ಸೂಪರ್‌ಹೀರೋ ಇದ್ದಾನೆ. ಕಂಪನಿಯೊಂದು ಅವನನ್ನು ದೇಶಭಕ್ತಿಯ ಬ್ರ್ಯಾಂಡ್ ಮಾಡಿ ಮಾರುತ್ತದೆ. ಅಪಹರಣವಾದ ವಿಮಾನ ಉಳಿಸಲು ಹೋಗಿ, ತಾನೇ ಅದರ ನಿಯಂತ್ರಣ ಫಲಕವನ್ನು ಸುಟ್ಟು, ಪ್ರಯಾಣಿಕರನ್ನು ಬೆದರಿಸಿ ಅಲ್ಲೇ ಬಿಟ್ಟು ಹಾರಿಹೋಗುತ್ತಾನೆ. ಆಮೇಲೆ ಕಡಲತೀರದಲ್ಲಿ ನಿಂತು ಟಿವಿ ಕ್ಯಾಮೆರಾಗಳೆದುರು ಶೋಕಭಾಷಣ. 2020ರ ಎರಡನೆಯ ಸೀಸನ್‌ನಲ್ಲಿ ಆ ವಿಮಾನದ ಅವಶೇಷದಿಂದ ಒಂದು ಪುಟ್ಟ ಕ್ಯಾಮೆರಾ ಹೊರಬರುತ್ತದೆ. ಅದರಲ್ಲಿ ಆ ಕೊನೆಯ ಗಳಿಗೆಗಳಿವೆ. ನಿಜವಾಗಿ ‘ಸಿಕ್ಕಿದ’ ವಿಡಿಯೋ ಇದು, ಸಮುದ್ರದ ತಳದಿಂದ. ಬುಲೆಟ್ಟಿಗೆ ಬಗ್ಗದ, ಬಾಂಬಿಗೆ ಅಂಜದ ಮಹಾಶಯ ಆ ತುಣುಕು ವಿಡಿಯೋ ಹೆಸರು ಹೇಳಿದರೆ ಹಲ್ಲು ಕಚ್ಚಿ ಹಿಂದೆ ಸರಿಯುತ್ತಾನೆ. ಹೀರೋ ಹಿಡಿದ ಕ್ಯಾಮೆರಾ ಪ್ರಚಾರ ಇಲಾಖೆಯಾಗುತ್ತದೆ, ಸಾಯುವವನು ಹಿಡಿದದ್ದು ಸಾಕ್ಷಿಯಾಗುತ್ತದೆ. ಸಿನಿಮಾದವರಿಗೆ ಮೊದಲನೆಯದೇ ಪ್ರಿಯ, ಗೊಂಬೆ, ಟೀ ಶರ್ಟು ಮಾರಾಟವಾಗುವುದು ಅದರಿಂದಲೇ.

ಇಷ್ಟು ಹೇಳಿದ ಮೇಲೆ ಒಂದನ್ನು ಬಿಟ್ಟರೆ ತಪ್ಪಾದೀತು. ‘ಕ್ರಾನಿಕಲ್’ ಬಿಡುಗಡೆಗೆ ಮುಂಚೆ ಪ್ರಚಾರದವರು ಮನುಷ್ಯಾಕಾರದ ರಿಮೋಟ್ ವಿಮಾನಗಳನ್ನು ಮಾಡಿಸಿ ನ್ಯೂಯಾರ್ಕಿನ ಆಕಾಶದಲ್ಲಿ ಹಾರಿಸಿದರು. ಕೈಕಾಲು ಚಾಚಿದ ಆಕೃತಿಗಳು ನದಿಯ ಮೇಲೆ, ಸೇತುವೆಯ ಪಕ್ಕ ತೇಲಿಹೋದವು. ಆ ವಿಡಿಯೋ ಅಂತರ್ಜಾಲದಲ್ಲಿ ಊರೂರು ಸುತ್ತಿತು. ಅದರಲ್ಲಿ ಮೂಗಿನಿಂದ ರಕ್ತ ಸೋರುವ ಹುಡುಗ ಇಲ್ಲ, ಟ್ರೈಪಾಡ್ ಪ್ರೇಯಸಿ ಇಲ್ಲ, ಎಡಿಟರ್ ಯಾರೆಂಬ ತಕರಾರಿಲ್ಲ, ಮುಂದಿನ ಭಾಗದ ಬೆದರಿಕೆಯೂ ಇಲ್ಲ. ಆಕಾಶದಲ್ಲಿ ಯಾರೋ ಹಾರುತ್ತಿದ್ದಾರೆ, ಕೆಳಗೆ ನಿಂತವರು ತೋರುಬೆರಳು ಎತ್ತಿದ್ದಾರೆ. ಟಿಕೆಟ್ಟೂ ಇರಲಿಲ್ಲ.